ಜಾರಿದ್ದು ಎಲ್ಲಿ? ಕಪಿಲೆಯಿಂದ ಪಿ.ಟಿ.ಓ.ವರೆಗೆ ನಮ್ಮೂರ ಕಣದ ಕಥೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ ನನಗೆ ಹಿಂಜರಿಕೆಯಾಯಿತು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ನನ್ನ ಕೈಯಲ್ಲಿ ಪೆನ್ನಿಗಿಂತ ಸ್ಪ್ಯಾನರು ಹಿಡಿದ ಹೊತ್ತೇ ಜಾಸ್ತಿ. ನಮ್ಮ ಗೌರಿಬಿದನೂರು ತಾಲ್ಲೂಕಿನ ಇತಿಹಾಸ ಎಂದರೆ ಬಲ್ಲವರು 1938ರ ವಿದುರಾಶ್ವತ್ಥದ ಸತ್ಯಾಗ್ರಹದ ವಿಷಯ ಬರೆಯುತ್ತಾರೆ, ಹೊಸೂರಿನ ಡಾ. ಎಚ್. ನರಸಿಂಹಯ್ಯನವರ ವಿಷಯ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಬಹಳ ಸಣ್ಣ ವಿಷಯ. ನಮ್ಮ ಸಂಘದ ಸಣ್ಣ ಟ್ರ್ಯಾಕ್ಟರಿನ ಪಿ.ಟಿ.ಓ. 2022ರಲ್ಲಿ ಜಾರಿದ್ದು, ಅದನ್ನು ರಿಪೇರಿ ಮಾಡಿದ್ದು. ಆದರೆ ಅದರ ಹಿಂದೆ ನಮ್ಮ ತಾತನ ಕಾಲದಿಂದ ಬಂದ ಒಂದು ಕಥೆ ಇದೆ. ಅದರ ಮುಂದೆ ನಾನು ಹೇಳಬೇಕಾದ ಒಂದು ಮಾತೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಪಿಲೆಯ ಕಾಲ

ನಮ್ಮ ತಾತ ಕಪಿಲೆ ಹೊಡೆದವರು. ಕಪಿಲೆ ನಾನು ಕಣ್ಣಲ್ಲಿ ಕಂಡಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಬಾವಿಯ ಪಕ್ಕ ಇಳಿಜಾರು. ಜೋಡೆತ್ತು ಇಳಿಜಾರಿನಲ್ಲಿ ಕೆಳಗೆ ನಡೆದರೆ ಬಾನಿ ಮೇಲಕ್ಕೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಹಿಂದಕ್ಕೆ ಬಂದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಎತ್ತಿನ ಬಲ ನೀರಿಗೆ ಹೋಗುವುದು ಮಿಣಿಯ ಮೂಲಕ. ತಾತ ದಿನಾ ಬೆಳಗ್ಗೆ ಎತ್ತಿನ ಮೈ ಸವರುವ ಮುಂಚೆ ಮಿಣಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರಂತೆ. "ಎತ್ತು ಸೋತರೆ ನಿಂತ್ಕೊಂಡು ಹೇಳುತ್ತೆ, ಮಿಣಿ ಹೇಳಲ್ಲ, ಕಿತ್ಕೊಂಡು ಹೋಗುತ್ತೆ" ಅಂತ ಹೇಳ್ತಿದ್ರು.

ಕಣದಲ್ಲೂ ಅದೇ. ರಾಗಿ ತೆನೆ ಹಾಸಿ ಅದರ ಮೇಲೆ ರೋಣಗಲ್ಲು ಉರುಳಿಸಬೇಕು. ಎತ್ತಿನ ಬಲ ಕಲ್ಲಿಗೆ ಹೋಗುವುದು ನೊಗ ಹಗ್ಗದಿಂದ. ಹಗ್ಗ ಸಡಿಲವಾದರೆ ಕಲ್ಲು ಓರೆಯಾಗಿ ಉರುಳಿ ತೆನೆ ಉಳಿಯುತ್ತಿತ್ತು. ಬಲ ಎಷ್ಟಿದ್ದರೂ ಕೊಡುವ ಜಾಗ ಗಟ್ಟಿಯಿಲ್ಲದಿದ್ದರೆ ಕೆಲಸ ಆಗುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಯಾವ ಪುಸ್ತಕ ಓದದೆ ತಿಳಿದಿದ್ದರು.

ಬೆಲ್ಟಿನ ಕಾಲ

ಆಮೇಲೆ ಡೀಸೆಲ್ ಎಂಜಿನ್ನು ಬಂತು. ಬಾವಿ ಕಟ್ಟೆಯ ಮೇಲೆ ಟುಕು ಟುಕು ಎನ್ನುತ್ತಿದ್ದ ಎಂಜಿನ್ನು ನನ್ನ ಬಾಲ್ಯದ ನೆನಪು. ಎಂಜಿನ್ನಿನ ಗಾಲಿಯಿಂದ ಪಂಪಿನ ಗಾಲಿಗೆ ಚಪ್ಪಟೆ ಬೆಲ್ಟು. ಮಳೆಗಾಲದ ತೇವಕ್ಕೆ ಬೆಲ್ಟು ಜಾರುತ್ತಿತ್ತು. ಎಂಜಿನ್ನು ಜೋರಾಗಿ ಓಡುತ್ತಿದೆ, ಪೈಪಿನಲ್ಲಿ ನೀರು ಮಾತ್ರ ಬೆರಳು ದಪ್ಪ! ಆಗ ಅಪ್ಪ ರಾಳದ ಪುಡಿ ತಂದು ಬೆಲ್ಟಿನ ಒಳಮೈಗೆ ಹಾಕುತ್ತಿದ್ದರು. ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ರಾಳ ಹಾಕಿ ಹಾಕಿ ಬೆಲ್ಟು ಕಲ್ಲಿನಂತಾದ ಮೇಲೆ ಅದನ್ನು ಕತ್ತರಿಸಿ ಗಿಡ್ಡ ಮಾಡಿ ಹೊಸ ಕೊಂಡಿ ಹಾಕುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಲಿತ ಮೊದಲ ಮೆಕ್ಯಾನಿಕ್ ಪಾಠ ಅದು. ಎಂಜಿನ್ನಿನ ದನಿ ಇಳಿಯದೆ ಕೆಲಸ ಇಳಿದರೆ ಜಾರುತ್ತಿದೆ ಅಂತ ಅರ್ಥ. ಕೆಲಸದ ಜೊತೆ ದನಿಯೂ ಇಳಿದು ಕರಿ ಹೊಗೆ ಬಂದರೆ ಭಾರ ಹೆಚ್ಚಾಗಿದೆ ಅಂತ ಅರ್ಥ. ಈ ಪಾಠವೇ ಮುಂದೆ ಸಂಘದ ಟ್ರ್ಯಾಕ್ಟರಿಗೂ ಉಪಯೋಗಕ್ಕೆ ಬಂತು.

ಪಿ.ಟಿ.ಓ. ಹುಟ್ಟಿದ ಕಥೆ

ಪಿ.ಟಿ.ಓ. ಎಂದರೆ ಪವರ್ ಟೇಕ್ ಆಫ್. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಹಲ್ಲು ಹಲ್ಲಾಗಿ ಹೊರಗೆ ಬಂದಿರುವ ಕಬ್ಬಿಣದ ಮೊಂಡು ದಂಡ. ಎಂಜಿನ್ನಿನ ಬಲವನ್ನು ಒಕ್ಕಣೆ ಯಂತ್ರಕ್ಕೋ, ರೋಟಾವೇಟರಿಗೋ, ದ್ರಾಕ್ಷಿ ತೋಟದ ಔಷಧಿ ಸಿಂಪಡಿಸುವ ಯಂತ್ರಕ್ಕೋ ಕೊಡುವುದು ಇದೇ.

ಇದು ಹುಟ್ಟಿದ್ದೂ ಜಾರುವ ತೊಂದರೆಯಿಂದಲೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಹಿಂದೆ ಅಮೆರಿಕ, ಯೂರೋಪಿನಲ್ಲಿ ಗೋಧಿ ಕೊಯ್ದು ಕಂತೆ ಕಟ್ಟುವ ಯಂತ್ರಗಳಿಗೆ ಬಲ ಬರುತ್ತಿದ್ದುದು ನೆಲದ ಮೇಲೆ ಉರುಳುವ ಅವುಗಳದೇ ಚಕ್ರದಿಂದ. ಮಳೆ ಬಂದು ನೆಲ ಮೆತ್ತಗಾದರೆ ಆ ಚಕ್ರ ಜಾರುತ್ತಿತ್ತು, ಕೊಯ್ಲು ನಿಲ್ಲುತ್ತಿತ್ತು. ಎಂಜಿನ್ನಿನಿಂದಲೇ ನೇರವಾಗಿ ದಂಡ ಎಳೆದು ಯಂತ್ರಕ್ಕೆ ಕೊಟ್ಟರೆ ಹೇಗೆ ಎಂದು ಮೊದಮೊದಲು ಮಾಡಿ ನೋಡಿದವರಲ್ಲಿ ಫ್ರಾನ್ಸಿನ ಆಲ್ಬರ್ಟ್ ಗೂಜಿ ಒಬ್ಬರು. 1918ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ 8-16 ಎಂಬ ಟ್ರ್ಯಾಕ್ಟರಿಗೆ ಪಿ.ಟಿ.ಓ. ಕೊಟ್ಟು ಮಾರಾಟಕ್ಕೆ ತಂದಿತು. ಒಬ್ಬರ ಟ್ರ್ಯಾಕ್ಟರಿಗೆ ಇನ್ನೊಬ್ಬರ ಯಂತ್ರ ಹೊಂದಬೇಕಲ್ಲ? ಅದಕ್ಕಾಗಿ 1927ರಲ್ಲಿ ಅಲ್ಲಿನ ಕೃಷಿ ಎಂಜಿನಿಯರುಗಳು ಕೂತು ವೇಗಕ್ಕೆ ಒಂದು ಅಳತೆ ಗೊತ್ತುಮಾಡಿದರು. ಅದೇ ಇವತ್ತು ನಿಮಿಷಕ್ಕೆ 540 ಸುತ್ತು ಎಂದು ಎಲ್ಲಾ ಕಡೆ ನಡೆದು ಬಂದಿದೆ. ಆರು ಹಲ್ಲಿನ, ಸುಮಾರು 35 ಮಿ.ಮೀ. ದಪ್ಪದ ದಂಡ ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲೂ ಇರುವುದು ಆ ಒಪ್ಪಂದದ ಫಲ.

ಮೊದಲ ಪಿ.ಟಿ.ಓ.ಗಳಲ್ಲಿ ಕ್ಲಚ್ ತುಳಿದರೆ ಟ್ರ್ಯಾಕ್ಟರೂ ನಿಲ್ಲುತ್ತಿತ್ತು, ದಂಡವೂ ನಿಲ್ಲುತ್ತಿತ್ತು. 1947ರ ಹೊತ್ತಿಗೆ ಕೆನಡಾದ ಕಾಕ್‌ಷಟ್ ಕಂಪನಿಯ 30ನೇ ಮಾದರಿಯಲ್ಲಿ ಟ್ರ್ಯಾಕ್ಟರು ನಿಂತರೂ ದಂಡ ತಿರುಗುವ ಏರ್ಪಾಡು ಬಂದು ಹೆಸರಾಯಿತು. ಎರಡು ಪ್ಲೇಟಿನ ಕ್ಲಚ್ಚಿನಲ್ಲೂ ಆ ಅನುಕೂಲ ಇದೆ. ಪೆಡಲು ಅರ್ಧ ತುಳಿದರೆ ಓಟ ನಿಲ್ಲುತ್ತದೆ, ಪೂರ್ತಿ ತುಳಿದರೆ ಪಿ.ಟಿ.ಓ. ನಿಲ್ಲುತ್ತದೆ.

ಸಣ್ಣ ಟ್ರ್ಯಾಕ್ಟರು ಬಂದದ್ದು

ನಮ್ಮ ದೇಶದಲ್ಲಿ ಟ್ರ್ಯಾಕ್ಟರು ತಯಾರಾಗಲು ಶುರುವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಕೈಗಡಿಯಾರಕ್ಕೆ ಹೆಸರಾದ ನಮ್ಮ ಬೆಂಗಳೂರಿನ ಎಚ್.ಎಂ.ಟಿ. 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಜೆಟಾರ್ ಟ್ರ್ಯಾಕ್ಟರು ಮಾಡಿತು. ಆ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. 1967ರಲ್ಲಿ ಆರಂಭವಾದ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಪವರ್ ಟಿಲ್ಲರು, ಮುಂದೆ ಸಣ್ಣ ಟ್ರ್ಯಾಕ್ಟರು ತಂದಿತು. ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ಸಾಲುಗಳ ಮಧ್ಯೆ ದೊಡ್ಡ ಟ್ರ್ಯಾಕ್ಟರು ನುಗ್ಗುವುದಿಲ್ಲ. ಎರಡು ಮೂರು ಎಕರೆಯ ಜಮೀನಿಗೆ ಅದನ್ನು ಸಾಕುವುದೂ ಕಷ್ಟ. ಹೀಗಾಗಿ ಸಣ್ಣ ಟ್ರ್ಯಾಕ್ಟರು ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಾಯಿತು.

ಆದರೆ ಸಣ್ಣದನ್ನೂ ಎಲ್ಲರೂ ಕೊಳ್ಳಲಾಗುವುದಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ವಿಚಾರವೂ ಇದೇ ತಾನೆ? ಒಬ್ಬನಿಂದಾಗದ್ದು ಹತ್ತು ಜನರಿಂದ ಆಗುತ್ತದೆ. ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಎಂದು ಬಾಡಿಗೆ ಯಂತ್ರಗಳ ಯೋಜನೆ ತಂದ ಮೇಲೆ ನಮ್ಮವರಿಗೂ ಧೈರ್ಯ ಬಂತು. ನಮ್ಮ ಸಂಘವೂ ಒಂದು ಸಣ್ಣ ಟ್ರ್ಯಾಕ್ಟರು, ಒಂದು ಒಕ್ಕಣೆ ಯಂತ್ರ ತಂದಿತು. ಆಡಳಿತ ಮಂಡಳಿಯ ಸಭೆಯಲ್ಲಿ ಕೊಳ್ಳೋಣ ಎಂದು ಮೊದಲು ಕೈಯೆತ್ತಿದವನು ನಾನು. ಪಾಳಿ ಪ್ರಕಾರ ಸದಸ್ಯರಿಗೆ ಬಾಡಿಗೆ. ಮೂರು ವರ್ಷ ಚೆನ್ನಾಗಿ ನಡೆಯಿತು.

2022ರ ಡಿಸೆಂಬರ್

2021ರ ನವೆಂಬರಿನ ಮಳೆ ನಿಮಗೆಲ್ಲಾ ನೆನಪಿದೆ. ಉತ್ತರ ಪಿನಾಕಿನಿ ತುಂಬಿ ಹರಿಯಿತು ಎಂದು ಒಂದು ಕಡೆ ಸಂತೋಷ, ಹೊಲದಲ್ಲಿ ಕೊಯ್ದು ಹಾಕಿದ ರಾಗಿ ತೆನೆಯಲ್ಲೇ ಮೊಳಕೆ ಬಂತು ಎಂದು ಇನ್ನೊಂದು ಕಡೆ ಅಳು. ಮರುವರ್ಷ ಎಲ್ಲರಿಗೂ ಅದೇ ಭಯ. ಬೇಗ ಒಕ್ಕಿ ಮನೆ ಸೇರಿಸಿಬಿಡೋಣ ಎಂದು ಡಿಸೆಂಬರ್ ಮೊದಲ ವಾರದಲ್ಲೇ ಸಂಘದ ಮುಂದೆ ಪಾಳಿ ಪಟ್ಟಿ ಉದ್ದವಾಯಿತು. ಆ ಸಾಲಿನ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 3,578 ರೂಪಾಯಿ. ನೆನೆದು ಕಪ್ಪಾದ ರಾಗಿಯನ್ನು ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲ.

ಎರಡನೇ ದಿನ ಮಧ್ಯಾಹ್ನ ಡ್ರೈವರು ನನ್ನ ಮನೆ ಹತ್ತಿರ ಓಡಿ ಬಂದ. ನಮ್ಮ ಕಡೆ ಮನೆಮಾತು ಅರ್ಧ ತೆಲುಗು ಅಲ್ಲವೇ? "ಅಣ್ಣಾ, ಜಾರುತಾ ಉಂದಿ" ಅಂದ. ಹೋಗಿ ನೋಡಿದರೆ ಯಂತ್ರ ಬರಿದಾಗಿ ಚೆನ್ನಾಗಿ ತಿರುಗುತ್ತದೆ. ಎರಡು ಹೊರೆ ತೆನೆ ಕೊಟ್ಟ ಕೂಡಲೇ ಡ್ರಮ್ಮಿನ ಸದ್ದು ಮೆಲ್ಲಗೆ ಇಳಿದು ನಿಂತೇ ಹೋಗುತ್ತದೆ. ಎಂಜಿನ್ನು ಮಾತ್ರ ಏನೂ ಆಗದವನಂತೆ ಓಡುತ್ತಿದೆ. ಹೊಗೆ ಇಲ್ಲ, ದನಿ ಇಳಿಯಲಿಲ್ಲ. ಅಪ್ಪನ ಬೆಲ್ಟಿನ ಪಾಠ ನೆನಪಾಯಿತು.

ಸಂಜೆ ಹೊರಗಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು. ಐದು ನಿಮಿಷ ಕಿವಿ ಕೊಟ್ಟು ಕೇಳಿ, "ಗೇರ್ ಬಾಕ್ಸ್ ಹೋಗಿದೆ, ಹಾಕೋ ದುಡ್ಡಿಗೆ ಗಾಡಿ ಮಾರೋದೇ ವಾಸಿ" ಎಂದುಬಿಟ್ಟ. ಅದೇ ರಾತ್ರಿ ತುರ್ತು ಸಭೆ ಸೇರಿತು. ಮಾರಿಬಿಡೋಣ ಎಂದು ಅರ್ಧ ಜನ. ಡ್ರೈವರೇ ಹಾಳು ಮಾಡಿದ್ದಾನೆ, ಸಂಬಳದಲ್ಲಿ ಹಿಡಿಯಿರಿ ಎಂದು ಇನ್ನರ್ಧ ಜನ. ಬಂಗಾಳಕೊಲ್ಲಿಯಲ್ಲಿ ಮಾಂಡೌಸ್ ಚಂಡಮಾರುತ ಎದ್ದಿದೆ ಎಂದು ಟಿ.ವಿ.ಯಲ್ಲಿ ಬರುತ್ತಿತ್ತು.

ಏನನ್ನೂ ಪ್ರಶ್ನೆ ಮಾಡದೆ ಒಪ್ಪಬಾರದು ಎಂದು ಜೀವನಪೂರ್ತಿ ಹೇಳಿಕೊಂಡು ಬಂದ ಎಚ್.ಎನ್. ಅವರ ಊರು ನಮ್ಮ ತಾಲ್ಲೂಕಿನಲ್ಲೇ ಇದೆ. ಬಿಚ್ಚಿ ನೋಡದೆ ಗೇರ್ ಬಾಕ್ಸ್ ಹೋಗಿದೆ ಅಂದರೆ ಹೇಗೆ ಒಪ್ಪುವುದು? ಎರಡು ದಿನ ಟೈಂ ಕೊಡಿ ಎಂದು ಕೇಳಿಕೊಂಡೆ. ಮಂಚೇನಹಳ್ಳಿ ಕಡೆಯ ಒಬ್ಬ ಹಳೇ ಮೇಸ್ತ್ರಿಯನ್ನು ಕರೆತಂದೆ.

ದೋಷ ಹುಡುಕಿದ ಬಗೆ

ಮೇಸ್ತ್ರಿ ಬಂದವರೇ ಸ್ಪ್ಯಾನರು ಮುಟ್ಟಲಿಲ್ಲ. "ಹೊರಗಿನಿಂದ ಒಳಕ್ಕೆ ಹೋಗೋಣ" ಅಂದರು. ಅವರು ನೋಡಿದ ಕ್ರಮ ಎಲ್ಲರಿಗೂ ಉಪಯೋಗ ಎಂದು ಬರೆಯುತ್ತಿದ್ದೇನೆ.

ಮೊದಲು ಒಕ್ಕಣೆ ಯಂತ್ರ. ಡ್ರಮ್ಮು ನಿಂತಾಗ ಟ್ರ್ಯಾಕ್ಟರಿನಿಂದ ಬರುವ ಶಾಫ್ಟು ತಿರುಗುತ್ತಿದೆಯೋ ಇಲ್ಲವೋ ಎಂದು ದೂರ ನಿಂತು ನೋಡಿದರು. ಶಾಫ್ಟೂ ನಿಂತಿತ್ತು. ಎಂಜಿನ್ನು ಆಫ್ ಮಾಡಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆ ಬೆಲ್ಟು ಮುಟ್ಟಿದರು. ಬಿಸಿ ಇರಲಿಲ್ಲ, ಸುಟ್ಟ ರಬ್ಬರಿನ ವಾಸನೆಯೂ ಇರಲಿಲ್ಲ. ಬೆಲ್ಟು ಜಾರಿದ್ದರೆ ಎರಡೂ ಇರಬೇಕಿತ್ತು. ಹಾಗಾದರೆ ಯಂತ್ರದ ತಪ್ಪಲ್ಲ, ಟ್ರ್ಯಾಕ್ಟರಿನದು.

ಎರಡನೆಯದು ಪಿ.ಟಿ.ಓ. ಲಿವರು. ಅದು ಪೂರ್ತಿ ಕೂತಿಲ್ಲದಿದ್ದರೆ, ಒಳಗಿನ ಹಲ್ಲು ಸವೆದಿದ್ದರೆ ಕಟಕಟ ಎಂದು ಹಾರುವ ಸದ್ದು ಬರುತ್ತದೆ. ನಮ್ಮದು ಸದ್ದಿಲ್ಲದೆ ನಿಲ್ಲುತ್ತಿತ್ತು. ಹಲ್ಲು ಹಾರಿದರೆ ಸದ್ದು, ಪ್ಲೇಟು ಜಾರಿದರೆ ವಾಸನೆ ಎಂದು ಮೇಸ್ತ್ರಿ ಹೇಳಿದರು. ಗೇರ್ ಬಾಕ್ಸ್ ಹೋಗಿದೆ ಎಂಬ ಮಾತು ಅಲ್ಲಿಗೆ ಅರ್ಧ ಬಿತ್ತು.

ಮೂರನೆಯದು ಓಟದ ಕ್ಲಚ್. ಟ್ರಾಲಿಗೆ ಭಾರ ಹೇರಿ ಏರಿನಲ್ಲಿ ಎಳೆಸಿದರು. ಹಿಡಿದೆಳೆಯಿತು. ಅಂದರೆ ಎರಡು ಪ್ಲೇಟಿನಲ್ಲಿ ಓಟದ ಪ್ಲೇಟು ಸರಿ ಇದೆ, ಪಿ.ಟಿ.ಓ. ಪ್ಲೇಟೊಂದೇ ಜಾರುತ್ತಿದೆ. ಒಂದೇ ಪ್ಲೇಟಿನ ಟ್ರ್ಯಾಕ್ಟರಾಗಿದ್ದರೆ ಎರಡೂ ಒಟ್ಟಿಗೆ ಜಾರುತ್ತಿದ್ದವು.

ನಾಲ್ಕನೆಯದು ಸೆಟ್ಟಿಂಗು. ಪೆಡಲಿನ ಸಡಿಲ ನೋಡಿದರು. ಕ್ಲಚ್ ಮನೆಯ ಪಕ್ಕದ ಸಣ್ಣ ಮುಚ್ಚಳ ತೆಗೆದು ಪಿ.ಟಿ.ಓ. ಪ್ಲೇಟಿನ ಬೋಲ್ಟುಗಳ ಸಂದು ನೋಡಿದರು. ಪ್ಲೇಟು ಸವೆದ ಹಾಗೆ ಈ ಅಳತೆ ಬದಲಾಗುತ್ತದೆ, ಸರಿಮಾಡದೆ ಬಿಟ್ಟರೆ ಪ್ಲೇಟಿನ ಮೇಲೆ ಪೂರ್ತಿ ಒತ್ತಡ ಬೀಳುವುದಿಲ್ಲ. ಕಂಪನಿ ಪುಸ್ತಕದ ಅಳತೆಗೆ ತಂದೆವು. ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಜನ ಚಪ್ಪಾಳೆ ಹೊಡೆದರು. ಮತ್ತೆ ಜಾರಿತು.

ಕೊನೆಗೆ ಮೇಸ್ತ್ರಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಕ್ಲಚ್ ಮನೆಯ ತಳದ ಸಣ್ಣ ತೂತಿಗೆ ಬೆರಳಿಟ್ಟರು. ಕರಿ ಎಣ್ಣೆ ಬಂತು. ಅಲ್ಲಿ ಹೊನ್ನಿನ ಬಣ್ಣದ ಎಣ್ಣೆ ಬಂದರೆ ಗೇರ್ ಬಾಕ್ಸಿನದು, ಕರಿ ಎಣ್ಣೆ ಬಂದರೆ ಎಂಜಿನ್ನಿನದು. ಎಂಜಿನ್ನಿನ ಹಿಂದಿನ ಎಣ್ಣೆ ಸೀಲು ಸೋರಿ ಪ್ಲೇಟಿಗೆ ಎಣ್ಣೆ ತಗುಲುತ್ತಿತ್ತು. ಇನ್ನು ಬಿಚ್ಚದೆ ದಾರಿ ಇರಲಿಲ್ಲ.

ಬಿಚ್ಚಿದ್ದು, ಜೋಡಿಸಿದ್ದು

ಕ್ಲಚ್ ನೋಡಬೇಕಾದರೆ ಟ್ರ್ಯಾಕ್ಟರನ್ನು ನಡುವಿಗೆ ಎರಡು ತುಂಡು ಮಾಡಬೇಕು. ಸಂಘದ ಗೋದಾಮಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಮುಂದಿನ ಅಚ್ಚು ವಾಲದಂತೆ ಎರಡೂ ಕಡೆ ಮರದ ಬೆಣೆ ಹೊಡೆದು, ಎಂಜಿನ್ನಿನ ಕೆಳಗೆ ಹಲಗೆ ಜೋಡಿಸಿ, ವೈರು ಪೈಪು ಕಳಚಿ, ಸುತ್ತ ಬೋಲ್ಟು ಬಿಚ್ಚಿ ಹಿಂಭಾಗವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆವು. ಆರು ಜನ ಕೈ ಹಾಕಿದರು. ಅದರಲ್ಲಿ ಮಾರೋಣ ಎಂದವರೂ ಇದ್ದರು.

ಪಿ.ಟಿ.ಓ. ಪ್ಲೇಟು ಕೈಗೆ ಬಂತು. ಎಣ್ಣೆ ಕುಡಿದಿತ್ತು. ಅದಕ್ಕಿಂತ ಮುಖ್ಯವಾಗಿ ಮೈ ಗಾಜಿನಂತೆ ಹೊಳೆಯುತ್ತಿತ್ತು. ಒಂದು ಕಡೆ ರಿವೆಟ್ಟಿನ ತಲೆ ಕಾಣುತ್ತಿತ್ತು. ಅದು ಒತ್ತಿಕೊಳ್ಳುವ ಕಬ್ಬಿಣದ ಮೇಲೆ ನೀಲಿ ಕಲೆಗಳು. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಹೇಳಿದರು: "ಎಣ್ಣೆ ಈಚೆಗೆ ಬಿದ್ದಿದೆ. ಇದು ಸುಟ್ಟದ್ದು ಹಳೇ ಕಥೆ. ಯಾರೋ ಇದರ ಶಕ್ತಿ ಮೀರಿ ಭಾರ ಹಾಕಿ, ಪೆಡಲನ್ನು ಅರೆಬರೆ ಹಿಡಿದು ಓಡಿಸಿದ್ದಾರೆ."

ನಾನು ಸುಮ್ಮನೆ ನಿಂತಿದ್ದೆ.

ಹೊಸ ಪ್ಲೇಟು, ಹೊಸ ಎಣ್ಣೆ ಸೀಲು, ಹೊಸ ಬೇರಿಂಗು ತಂದೆವು. ನೀಲಿ ಕಟ್ಟಿದ ಕಬ್ಬಿಣದ ಮೈಯನ್ನು ಲೇತಿನಲ್ಲಿ ಸಮ ಮಾಡಿಸಿದೆವು. ಎಣ್ಣೆ ಪಸೆ ಚೂರೂ ಉಳಿಯದಂತೆ ಒರೆಸಿ, ಹಳೇ ಶಾಫ್ಟಿನ ತುಂಡೊಂದನ್ನು ತೂರಿಸಿ ಪ್ಲೇಟುಗಳ ನಡುಮಧ್ಯ ಸರಿಹೊಂದಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಬೆರಳುಗಳ ಎತ್ತರ ಒಂದೇ ಸಮ ಇದೆಯೇ ಎಂದು ಅಳೆದು ಜೋಡಿಸಿದರು. ಎಲ್ಲಾ ಸೇರಿ ಆದ ಖರ್ಚು ಎರಡು ಒಳ್ಳೇ ಟಗರಿನ ಬೆಲೆಯಷ್ಟು. ಗೇರ್ ಬಾಕ್ಸಿಗೆ ಏನೂ ಆಗಿರಲಿಲ್ಲ.

ಡಿಸೆಂಬರ್ 9ರ ರಾತ್ರಿ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಹತ್ತಿರ ದಡ ಸೇರಿತು. ನಮ್ಮಲ್ಲಿ ಮೋಡ, ಚಳಿ, ಬಿಡದ ಜಿಟಿಜಿಟಿ. ಮೆದೆ ಒಟ್ಟಿದವರ ರಾಗಿ ಉಳಿಯಿತು. ಆದರೆ ನಮ್ಮ ಯಂತ್ರ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ನಂಬಿ ಮೆದೆ ಬಿಚ್ಚಿ ಕಣದಲ್ಲಿ ಹಾಸಿಕೊಂಡಿದ್ದ ಒಬ್ಬ ತಾಯಿಯ ರಾಗಿ ನೆನೆದು ಬಣ್ಣ ಕಟ್ಟಿತು. ಬೆಂಬಲ ಬೆಲೆಗೆ ಹೋಗಲಿಲ್ಲ. ಮನೆಯ ಹಿಟ್ಟಿಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ದನಕ್ಕೆ ಬೇಯಿಸಿ ಹಾಕಿದರು. ಬಿಸಿಲು ಬಂದ ಮೇಲೆ ಮೊದಲ ಪಾಳಿ ಅವರ ಉಳಿದ ತೆನೆಗೇ ಕೊಟ್ಟೆವು. ಪಿ.ಟಿ.ಓ. ಜಾರಲಿಲ್ಲ. ಇವತ್ತಿಗೂ ಜಾರಿಲ್ಲ.

ನಾನು ಹೇಳಬೇಕಾದ ಮಾತು

ಆ ಪ್ಲೇಟು ಸುಟ್ಟದ್ದು ನನ್ನಿಂದ.

2022ರ ಮುಂಗಾರಿನಲ್ಲಿ ಬಿತ್ತನೆಯ ಅವಸರ. ನಾನು ನಿರ್ದೇಶಕ ಎಂಬ ಸಲಿಗೆಯಿಂದ ಪಾಳಿ ಬಿಟ್ಟು ಟ್ರ್ಯಾಕ್ಟರು ಒಯ್ದೆ. ಡ್ರೈವರನ್ನು ಕರೆಯಲಿಲ್ಲ. ನೆಂಟರ ಮನೆಯಿಂದ ದೊಡ್ಡ ಟ್ರ್ಯಾಕ್ಟರಿನ ರೋಟಾವೇಟರು ತಂದು ಸಿಕ್ಕಿಸಿದೆ. ಹಸಿ ಮಣ್ಣಿಗೆ ಅದು ಸಿಕ್ಕಿಕೊಂಡಾಗಲೆಲ್ಲಾ ಪೆಡಲು ಪೂರ್ತಿ ತುಳಿಯದೆ, ಪೂರ್ತಿ ಬಿಡದೆ ಎಂಜಿನ್ನು ಏರಿಸಿ ಎಳೆಸಿದೆ. ಸುಟ್ಟ ವಾಸನೆ ಬಂತು. ತಣ್ಣಗಾಗಲಿ ಎಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಸಂಜೆ ಗೋದಾಮಿನಲ್ಲಿ ಬಿಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ಡಿಸೆಂಬರಿನ ತುರ್ತು ಸಭೆಯಲ್ಲಿ ಡ್ರೈವರನ್ನು ಬೈಯುವಾಗಲೂ ಬಾಯಿ ಬಿಡಲಿಲ್ಲ.

ಪ್ಲೇಟು ನೋಡಿದ ಮೇಲೆ ಮುಂದಿನ ಸಭೆಯಲ್ಲಿ ಹೇಳಿದೆ, ಪ್ಲೇಟಿನ ಖರ್ಚು ಕಟ್ಟಿದೆ. ಆದರೆ ಸಭೆಯ ಮಾತು ಸಭೆಯಲ್ಲೇ ಉಳಿಯಿತು. ಊರಲ್ಲಿ ಇವತ್ತಿಗೂ ಕೆಲವರು "ಅವನೇ ತಾನೆ ಗಾಡಿ ಕೆಡಿಸಿದ್ದು" ಎಂದು ಆ ಹುಡುಗನನ್ನು ಆಡುತ್ತಾರೆ. ಅವನು ಕೆಡಿಸಲಿಲ್ಲ. ಜಾರುತ್ತಿದೆ ಎಂದು ಮೊದಲು ಬಂದು ಹೇಳಿದವನು ಅವನು. ಆ ತಾಯಿಯ ರಾಗಿ ನೆನೆದದ್ದರಲ್ಲೂ ನನ್ನ ಪಾಲಿದೆ. ಬೆಳ್ಳಿಹಬ್ಬದ ಪುಸ್ತಕ ಎಲ್ಲರ ಮನೆಯಲ್ಲೂ ಇರುತ್ತದೆ, ಮಕ್ಕಳೂ ಓದುತ್ತಾರೆ. ಅದರಲ್ಲಿ ಈ ಮಾತು ಅಚ್ಚಾಗಲಿ ಎಂದೇ ನಾನು ಬರೆಯಲು ಒಪ್ಪಿಕೊಂಡೆ.

ಆಮೇಲೆ ಸಂಘ ಮಾಡಿದ ನಿಯಮಗಳು ಹೀಗಿವೆ. ನಿರ್ದೇಶಕನಾದರೂ ಪಾಳಿ ಪಾಳಿಯೇ. ಟ್ರ್ಯಾಕ್ಟರಿನ ಜೊತೆ ಒಂದು ನೋಟ್‌ಬುಕ್ ಹೋಗುತ್ತದೆ. ಒಯ್ದವರು ಎಷ್ಟು ಗಂಟೆ ಓಡಿತು, ವಾಸನೆ, ಸದ್ದು, ಸೋರಿಕೆ ಏನಾದರೂ ಕಂಡಿತೇ ಎಂದು ಬರೆದು ಸಹಿ ಹಾಕಬೇಕು. ತಿಂಗಳಿಗೊಮ್ಮೆ ಪೆಡಲಿನ ಸಡಿಲ ಮತ್ತು ತಳದ ತೂತು ನೋಡಬೇಕು. ಲಿವರು ಹಾಕುವಾಗ ಎಂಜಿನ್ನು ನಿಧಾನದಲ್ಲಿರಬೇಕು. ರೋಟಾವೇಟರಿನ ಶಾಫ್ಟಿನಲ್ಲಿ ಜಾರು ಕ್ಲಚ್ ಇದ್ದರೆ ಅದರ ಪ್ಲೇಟುಗಳ ಮೇಲೆ ಅಡ್ಡಲಾಗಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯಬೇಕು. ಕೆಲಸ ಮುಗಿದ ಮೇಲೆ ಗೆರೆ ಮುರಿದಿದ್ದರೆ ಜಾರಿದ್ದು ಅಲ್ಲಿ, ಟ್ರ್ಯಾಕ್ಟರಿನಲ್ಲಲ್ಲ. ಎಣ್ಣೆಯ ಒತ್ತಡದಿಂದ ಹಿಡಿಯುವ ಪಿ.ಟಿ.ಓ. ಕ್ಲಚ್ ಇರುವ ಹೊಸ ಟ್ರ್ಯಾಕ್ಟರು ಕೊಂಡವರು ಮೊದಲು ಎಣ್ಣೆಯ ಮಟ್ಟ, ಎಣ್ಣೆ ಯಾವುದು, ಫಿಲ್ಟರು ಕಟ್ಟಿದೆಯೇ ಎಂದು ನೋಡಿ, ಆಮೇಲೆ ಬಿಚ್ಚುವ ಯೋಚನೆ ಮಾಡಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬರಿ ದಂಡಕ್ಕೆ ಪಂಚೆಯ ತುದಿ ಸಿಕ್ಕಿದರೂ ಒಂದು ಸೆಕೆಂಡಿಗೆ ಸುಮಾರು ಒಂದು ಮೀಟರು ಬಟ್ಟೆ ಸುತ್ತಿಕೊಳ್ಳುತ್ತದೆ. ಕೂಗುವುದಕ್ಕೂ ಹೊತ್ತಿರುವುದಿಲ್ಲ. ಒಕ್ಕಣೆ ಯಂತ್ರಗಳ ಅಪಾಯಕ್ಕಾಗಿಯೇ ಕೇಂದ್ರ ಸರ್ಕಾರ 1983ರಲ್ಲಿ ಕಾಯ್ದೆ ಮಾಡಿತು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ದಯಮಾಡಿ ತೆಗೆದು ಬಿಸಾಡಬೇಡಿ. ಸೆರಗು, ಪಂಚೆ, ಟವಲು ಬಿಗಿಯಾಗಿ ಕಟ್ಟಿಕೊಂಡೇ ಕಣಕ್ಕೆ ಬನ್ನಿ.

ತಾತ ಮಿಣಿ ನೋಡುತ್ತಿದ್ದರು, ಅಪ್ಪ ಬೆಲ್ಟು ನೋಡುತ್ತಿದ್ದರು. ಅವು ಅವರ ಸ್ವಂತದ್ದು, ಅದಕ್ಕೇ ನೋಡುತ್ತಿದ್ದರು. ಟ್ರ್ಯಾಕ್ಟರು ಎಲ್ಲರದ್ದು ಎಂದ ಕೂಡಲೇ ನಾನು ನೋಡುವುದನ್ನು ಬಿಟ್ಟೆ. ಮುಂದಿನ ಇಪ್ಪತ್ತೈದು ವರ್ಷ ಸಂಘದ ಯಂತ್ರವನ್ನು ಸ್ವಂತದ್ದು ಎಂದು ಮುಟ್ಟಿ ನೋಡುವವರು ನಮ್ಮಲ್ಲಿ ಹೆಚ್ಚಾಗಲಿ. ತಪ್ಪು ಕಂಡರೆ ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆಯುವವರೂ ಹೆಚ್ಚಾಗಲಿ ಎಂದು ಹಾರೈಸಿ, ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕೆಂದು ಕೋರಿ, ನನ್ನ ನಾಲ್ಕು ಮಾತು ಮುಗಿಸುತ್ತೇನೆ.